ಬೆಲ್ಜಿಯಂ: ಒಂಬತ್ತು ಸೀಟಿನ ಲೆಕ್ಕ ಕೂಡದೆ ನಿಂತ ರಾಜಧಾನಿ

2024ರ ಜೂನ್ 9ರಂದು ಬೆಲ್ಜಿಯಂ ಜನ ಐರೋಪ್ಯ ಸಂಸತ್ತು, ತಮ್ಮ ದೇಶದ ಸಂಸತ್ತು ಮತ್ತು ಪ್ರಾದೇಶಿಕ ಶಾಸನಸಭೆ ಮೂರಕ್ಕೂ ಒಂದೇ ದಿನ ಮತ ಹಾಕಿದರು. ದೇಶಕ್ಕೆ ಸರ್ಕಾರ ಬರಲು ಸುಮಾರು ಎಂಟು ತಿಂಗಳು ಹಿಡಿಯಿತು. ಆ ದೇಶದ ಮಟ್ಟಿಗೆ ಅದು ಬೇಗ ಆದಂತೆಯೇ. ಆದರೆ ರಾಜಧಾನಿ ಬ್ರಸೆಲ್ಸ್ ಪ್ರದೇಶದಲ್ಲಿ 2025 ಇಡೀ ವರ್ಷ ಪೂರ್ಣಾಧಿಕಾರದ ಸರ್ಕಾರವಿಲ್ಲದೆ ಕಳೆದುಹೋಯಿತು. ಡಿಸೆಂಬರ್ ಮೊದಲ ವಾರದಲ್ಲಿ ಎಣಿಕೆ 541 ದಿನ ದಾಟಿತು. 541 ಎಂಬುದು ಬೆಲ್ಜಿಯನ್ನರಿಗೆ ಬಾಯಿಪಾಠವಾದ ಸಂಖ್ಯೆ. 2010-11ರಲ್ಲಿ ದೇಶಕ್ಕೇ ಸರ್ಕಾರವಿಲ್ಲದೆ ಕಳೆದ ದಿನಗಳು ಅಷ್ಟು.

ಐರೋಪ್ಯ ಒಕ್ಕೂಟದ ಆಯೋಗ, ನ್ಯಾಟೋ ಪ್ರಧಾನ ಕಚೇರಿ ಎಲ್ಲ ಇರುವ, 12 ಲಕ್ಷಕ್ಕೂ ಹೆಚ್ಚು ಜನರಿರುವ ನಗರಕ್ಕೆ ಸರ್ಕಾರ ಕಟ್ಟಲು ಆಗಲಿಲ್ಲ ಎಂದರೆ ಜಗಳ ದೊಡ್ಡದೇ ಇರಬೇಕು ಅನಿಸುತ್ತದೆ. ಲೆಕ್ಕ ಬಿಡಿಸಿ ನೋಡಿದರೆ ತಕರಾರು ನಿಂತಿದ್ದದ್ದು ಎಂಟಕ್ಕೂ ಒಂಬತ್ತಕ್ಕೂ ನಡುವೆ.

ಬ್ರಸೆಲ್ಸ್ ಶಾಸನಸಭೆಯಲ್ಲಿ 89 ಸೀಟು. ಅವುಗಳಲ್ಲಿ 72 ಫ್ರೆಂಚ್ ಭಾಷಾ ಗುಂಪಿಗೆ, 17 ಡಚ್ ಭಾಷಾ ಗುಂಪಿಗೆ ಮೊದಲೇ ಮೀಸಲು. ಮತಯಂತ್ರದ ಪರದೆಯಲ್ಲಿ ಮತದಾರ ಮೊದಲು ಯಾವ ಭಾಷೆಯ ಪಟ್ಟಿ ಎಂದು ಆರಿಸಿಕೊಳ್ಳಬೇಕು, ಪಕ್ಷ ಆಮೇಲೆ. ಸರ್ಕಾರ ರಚಿಸುವವರಿಗೆ ಒಟ್ಟು ಬಹುಮತ ಸಾಲದು. ಫ್ರೆಂಚ್ ಗುಂಪಿನೊಳಗೆ 37, ಡಚ್ ಗುಂಪಿನೊಳಗೆ 9 ಪ್ರತ್ಯೇಕವಾಗಿ ಬೇಕು. ಫ್ರೆಂಚ್ ಕಡೆ ಸಮಸ್ಯೆಯೇ ಇರಲಿಲ್ಲ. ಉದಾರವಾದಿ ಎಂಆರ್ 20, ಸಮಾಜವಾದಿ ಪಿಎಸ್ 16, ಮಧ್ಯಮಮಾರ್ಗದ ಲೆ ಆಂಗಾಜೆ 8, ಕೂಡಿದರೆ 44. ಇಕ್ಕಟ್ಟು ಬಂದದ್ದು ಡಚ್ ಕಡೆಯ ಆ ಹದಿನೇಳರಲ್ಲಿ. ಹಸಿರು ಪಕ್ಷ ಗ್ರೂನ್‌ಗೆ 4, ಫುವಾದ್ ಅಹಿದಾರ್ ಎಂಬ ರಾಜಕಾರಣಿಯ ಹೆಸರಿನ ಪಟ್ಟಿ ಟೀಮ್ ಫುವಾದ್ ಅಹಿದಾರ್‌ಗೆ 3, ಫ್ಲೆಮಿಶ್ (ಎಂದರೆ ಬೆಲ್ಜಿಯಂನ ಡಚ್ ಭಾಷಿಕರ) ರಾಷ್ಟ್ರವಾದಿ ಎನ್-ವಿಎ, ಉದಾರವಾದಿ ಓಪನ್ ವಿಎಲ್‌ಡಿ, ಸಮಾಜವಾದಿ ವೊರಾಯ್ಟ್, ಕಡು ಬಲಪಂಥೀಯ ವ್ಲಾಮ್ಸ್ ಬೆಲಾಂಗ್ ನಾಲ್ಕಕ್ಕೂ ತಲಾ 2, ಕ್ರೈಸ್ತ ಡೆಮಾಕ್ರಟಿಕ್ ಸಿಡಿ&ವಿಗೆ 1, ಎಡಪಂಥೀಯ ಪಿವಿಡಿಎಗೆ 1.

ಗ್ರೂನ್, ವೊರಾಯ್ಟ್, ಓಪನ್ ವಿಎಲ್‌ಡಿ ಸೇರಿದರೆ ಎಂಟು. ಒಂದು ಸೀಟು ಕಡಿಮೆ. ವ್ಲಾಮ್ಸ್ ಬೆಲಾಂಗ್ ಜೊತೆ ಕೂರುವುದಿಲ್ಲ ಎಂಬುದು ಉಳಿದ ಪಕ್ಷಗಳ ಹಳೆಯ ಪಟ್ಟು. ಎನ್-ವಿಎ ಸೇರಿದರೆ ಹತ್ತು ಆಗುತ್ತದೆ, ಆದರೆ ಫ್ರೆಂಚ್ ಕಡೆಯ ಪಿಎಸ್ ‘ಎನ್-ವಿಎ ಇದ್ದರೆ ನಾವಿಲ್ಲ’ ಎಂದಿತು. ಎನ್-ವಿಎ ಬಿಟ್ಟು ಸಿಡಿ&ವಿಯ ಒಬ್ಬ ಸದಸ್ಯರನ್ನು ಕರೆದುಕೊಂಡರೆ ಸರಿಯಾಗಿ ಒಂಬತ್ತು, ಆದರೆ ಓಪನ್ ವಿಎಲ್‌ಡಿ ‘ಎನ್-ವಿಎ ಇಲ್ಲದಿದ್ದರೆ ನಾವಿಲ್ಲ’ ಎಂದಿತು. ಎರಡು ಸೀಟಿನ ಪಕ್ಷವೊಂದರ ಹಟಕ್ಕೂ ಹದಿನಾರು ಸೀಟಿನ ಪಕ್ಷದ ಹಟಕ್ಕೂ ಒಂದೇ ತೂಕ. ಕರ್ನಾಟಕದ ಓದುಗರಿಗೆ ತಟ್ಟನೆ ಹೊಳೆಯುವ ರೆಸಾರ್ಟ್ ದಾರಿ ಇಲ್ಲಿ ನಡೆಯುವುದಿಲ್ಲ. ಪಕ್ಷದ ಪಟ್ಟಿಯ ಮೇಲೆ ಗೆದ್ದವರು ಪಕ್ಷದ ಅಧ್ಯಕ್ಷರ ಮಾತು ಮೀರುವುದು ಬಲು ಅಪರೂಪ.

ಹಾಗಾದರೆ ನಗರ ನಡೆದದ್ದು ಹೇಗೆ? ಹಳೆಯ ಮುಖ್ಯಮಂತ್ರಿಯ ಸರ್ಕಾರವೇ ಹಂಗಾಮಿಯಾಗಿ ಮುಂದುವರಿಯಿತು. ಹಂಗಾಮಿ ಸರ್ಕಾರ ದಿನನಿತ್ಯದ ಕೆಲಸ ಮಾಡಬಹುದು, ಹೊಸ ನೀತಿ ತರುವಂತಿಲ್ಲ. ಬಜೆಟ್ ಅಂಗೀಕಾರವಾಗದಿದ್ದರೆ ‘ತಾತ್ಕಾಲಿಕ ಹನ್ನೆರಡನೇ ಭಾಗ’ ಎಂಬ ನಿಯಮ ಜಾರಿಗೆ ಬರುತ್ತದೆ. ನಮ್ಮ ಲೇಖಾನುದಾನದ ದೂರದ ನೆಂಟ, ಆದರೆ ಇನ್ನಷ್ಟು ಬಿಗಿ. ಹಿಂದಿನ ಬಜೆಟ್‌ನಲ್ಲಿ ಒಂದು ಬಾಬ್ತಿಗೆ 12 ಕೋಟಿ ಇದ್ದರೆ ತಿಂಗಳಿಗೆ 1 ಕೋಟಿ ಸಿಗುತ್ತದೆ, ಹಿಂದೆ ಶೂನ್ಯವಿದ್ದರೆ ಈಗಲೂ ಶೂನ್ಯ. ಸಂಬಳ, ಟ್ರಾಮ್, ಕಸ ವಿಲೇವಾರಿ ನಿಲ್ಲುವುದಿಲ್ಲ. ನಿಲ್ಲುವುದು ವರ್ಷವರ್ಷ ಹೊಸದಾಗಿ ಮಂಜೂರಾಗಬೇಕಾದ ಅನುದಾನಗಳು: ಸಣ್ಣ ಸಂಘಸಂಸ್ಥೆಗಳು, ಮನೆ ದುರಸ್ತಿಯ ಸಹಾಯಧನ, ಇನ್ನೂ ಟೆಂಡರ್ ಆಗದ ಕಾಮಗಾರಿ. ಏರುವ ಸಾಲಕ್ಕೆ ಕಡಿವಾಣ ಹಾಕುವ ಅಧಿಕಾರವೂ ಹಂಗಾಮಿ ಸರ್ಕಾರಕ್ಕಿಲ್ಲ. ಆದ್ದರಿಂದ ಇಂಥ ಸ್ಥಿತಿಯಲ್ಲಿ ಹೊರಗೆ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ, ಒಳಗೆ ಕೊರತೆ ಬೆಳೆಯುತ್ತಿರುತ್ತದೆ.

ಪಾಠಪುಸ್ತಕದ ಬೆಲ್ಜಿಯಂ

ಸಿಬಿಎಸ್‌ಇ ಹತ್ತನೇ ತರಗತಿ ಓದಿದವರಿಗೆ ಬೆಲ್ಜಿಯಂ ಅಪರಿಚಿತವಲ್ಲ. ಅಧಿಕಾರ ಹಂಚಿಕೆಯ ಮೊದಲ ಪಾಠದಲ್ಲೇ ಶ್ರೀಲಂಕಾದ ಪಕ್ಕದಲ್ಲಿಟ್ಟು ಅದನ್ನು ಹೊಗಳಲಾಗಿದೆ. ಅಲ್ಲಿ ಬಹುಸಂಖ್ಯಾತರು ಅಧಿಕಾರ ಬಿಟ್ಟುಕೊಡಲಿಲ್ಲ, ದೇಶ ಅಂತರ್ಯುದ್ಧಕ್ಕೆ ಬಿತ್ತು. ಇಲ್ಲಿ ಹಂಚಿಕೊಂಡರು, ಉಳಿಯಿತು. ಪಾಠ ತಪ್ಪಲ್ಲ. ಭಾಷೆಯ ಜಗಳದಲ್ಲಿ ಬೆಲ್ಜಿಯಂನಲ್ಲಿ ರಕ್ತ ಹರಿದದ್ದು ಅತಿ ಕಡಿಮೆ. ಆದರೆ ಪಾಠ 1993ಕ್ಕೆ ನಿಂತುಬಿಡುತ್ತದೆ. ಯಾರೂ ಯಾರ ಮೇಲೂ ಸವಾರಿ ಮಾಡದಂತೆ ಕಟ್ಟಿದ ಯಂತ್ರ ಯಾರನ್ನೂ ಮುಂದಕ್ಕೆ ಹೋಗಲು ಬಿಡದಂತೆಯೂ ಕೆಲಸ ಮಾಡುತ್ತದೆ ಎಂಬುದು ಅಲ್ಲಿಂದಾಚೆಯ ಕಥೆ.

ಆ ಪಾಠದಲ್ಲಿ ಶೇ 59 ಡಚ್, ಶೇ 40 ಫ್ರೆಂಚ್, ಶೇ 1 ಜರ್ಮನ್ ಎಂಬ ಅಂಕಿಗಳಿವೆ. ಇವು ಭಾಷಾ ಗಣತಿಯಿಂದ ಬಂದವಲ್ಲ, ಅಂದಾಜು. ಬೆಲ್ಜಿಯಂ ಕೊನೆಯ ಬಾರಿ ಭಾಷೆ ಎಣಿಸಿದ್ದು 1947ರಲ್ಲಿ. ಯಾಕೆ ನಿಲ್ಲಿಸಿದರು ಎಂಬುದರಲ್ಲೇ ಈ ದೇಶದ ಅರ್ಧ ರಾಜಕೀಯ ಅಡಗಿದೆ.

1932ರ ಕಾನೂನಿನ ಪ್ರಕಾರ ಗಣತಿಯಲ್ಲಿ ಒಂದು ಊರಿನ ಭಾಷಾ ಅಲ್ಪಸಂಖ್ಯಾತರು ಶೇ 30 ಮುಟ್ಟಿದರೆ ಅವರ ಭಾಷೆಯಲ್ಲೂ ಸೇವೆ ಕೊಡಬೇಕು, ಅರ್ಧ ದಾಟಿದರೆ ಊರಿನ ಆಡಳಿತ ಭಾಷೆಯೇ ಬದಲಾಗುತ್ತದೆ. ಬ್ರಸೆಲ್ಸ್ ಸುತ್ತಲಿನ ಡಚ್ ಹಳ್ಳಿಗಳಿಗೆ ಫ್ರೆಂಚ್ ಮಾತಾಡುವವರು ಬಂದು ನೆಲೆಸುತ್ತಿದ್ದ ಕಾಲ ಅದು. ಪ್ರತಿ ಗಣತಿಗೂ ಗಡಿ ಸರಿಯುತ್ತಿತ್ತು. ಫ್ಲೆಮಿಶ್ ಜನ ಇದನ್ನು ‘ಎಣ್ಣೆಯ ಕಲೆ’ ಎಂದು ಕರೆದರು, ಬಟ್ಟೆಯ ಮೇಲೆ ಬಿದ್ದ ಹನಿ ಹರಡಿದ ಹಾಗೆ. 1947ರ ಫಲಿತಾಂಶ ಹೊರಬಂದದ್ದು 1954ರಲ್ಲಿ, ಮೂರು ಊರುಗಳು ದ್ವಿಭಾಷಾ ಬ್ರಸೆಲ್ಸ್‌ಗೆ ಸೇರಿದವು. ಮುಂದಿನ ಗಣತಿಯ ಭಾಷಾ ಪ್ರಶ್ನೆಗೆ ಫ್ಲೆಮಿಶ್ ಊರಾಡಳಿತಗಳು ಸಹಕರಿಸಲು ಒಪ್ಪಲಿಲ್ಲ. 1961ರಲ್ಲಿ ಭಾಷಾ ಎಣಿಕೆಯನ್ನೇ ಕೈಬಿಟ್ಟು, 1962-63ರಲ್ಲಿ ಕಾನೂನಿನಿಂದ ಗಡಿ ಗೀಟು ಹಾಕಿ ನಿಲ್ಲಿಸಿದರು. ಜನ ಬದಲಾದರೂ ಇನ್ನು ಗೀಟು ಬದಲಾಗುವುದಿಲ್ಲ.

ಆ ಗೀಟು ಇಂದಿಗೂ ಕಣ್ಣಿಗೆ ಕಾಣುತ್ತದೆ. ಬ್ರಸೆಲ್ಸ್‌ನಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಮೋನ್ಸ್ ಎಂಬ ಊರಿಗೆ ಹೊರಟರೆ ಉತ್ತರದ ಡಚ್ ಭಾಷಾ ನಾಡಾದ ಫ್ಲಾಂಡರ್ಸ್‌ನ ಫಲಕಗಳಲ್ಲಿ ‘ಬೆರ್ಗೆನ್’ ಎಂದಿರುತ್ತದೆ. ಭಾಷಾ ಗಡಿ ದಾಟಿದ ಕೂಡಲೇ ಬೆರ್ಗೆನ್ ಮಾಯವಾಗಿ ‘ಮೋನ್ಸ್’ ಬರುತ್ತದೆ. ಎರಡರ ಅರ್ಥವೂ ಬೆಟ್ಟ, ಊರೂ ಒಂದೇ. ಫ್ರಾನ್ಸ್‌ನ ಲೀಲ್ ನಗರ ಕೂಡ ಫ್ಲಾಂಡರ್ಸ್ ಫಲಕದಲ್ಲಿ ‘ರೈಸೆಲ್’. ನಕ್ಷೆ ನೋಡದೆ ಬಾಡಿಗೆ ಕಾರು ಓಡಿಸುವ ಪ್ರವಾಸಿಗರು ದಾರಿ ತಪ್ಪಿದೆವೆಂದು ಗಾಬರಿಯಾಗುವುದು ಇಲ್ಲೇ.

ಗಡಿಯ ಅಂಚಿನ 27 ಊರುಗಳಲ್ಲಿ ಅಲ್ಪಸಂಖ್ಯಾತ ಭಾಷೆಯವರಿಗೆ ‘ಸೌಲಭ್ಯ’ ಇದೆ. ಸೌಲಭ್ಯ ಎಂದರೇನು ಎಂಬುದಕ್ಕೂ ಎರಡು ಅರ್ಥ. ಬ್ರಸೆಲ್ಸ್ ಸುತ್ತಲಿನ ಆರು ಊರುಗಳ ಫ್ರೆಂಚ್ ಭಾಷಿಕರು ಇದನ್ನು ಶಾಶ್ವತ ಹಕ್ಕು ಎನ್ನುತ್ತಾರೆ. ಫ್ಲೆಮಿಶ್ ಸರ್ಕಾರಕ್ಕೆ ಇದು ಡಚ್ ಕಲಿಯುವವರೆಗಿನ ರಿಯಾಯಿತಿ. 1997ರಲ್ಲಿ ಅದು ಹೊರಡಿಸಿದ ಸುತ್ತೋಲೆಯಂತೆ ಆಡಳಿತದಿಂದ ಬರುವ ಪ್ರತಿ ಪತ್ರವೂ ಮೊದಲು ಡಚ್‌ನಲ್ಲೇ ಬರಬೇಕು. ಫ್ರೆಂಚ್ ಪ್ರತಿ ಬೇಕಾದವರು ಪ್ರತಿ ಸಲವೂ ಹೊಸದಾಗಿ ಕೇಳಬೇಕು, ಒಮ್ಮೆ ಕೇಳಿದ್ದು ಮುಂದಿನ ಸಲಕ್ಕೆ ಲೆಕ್ಕಕ್ಕಿಲ್ಲ. 2006ರ ಸ್ಥಳೀಯ ಚುನಾವಣೆಯಲ್ಲಿ ಕ್ರಾಯ್ನೆಮ್, ಲಿಂಕೆಬೇಕ್, ವೆಜೆಂಬೇಕ್-ಒಪ್ಪೆಮ್ ಊರುಗಳ ಮೇಯರ್‌ಗಳು ಫ್ರೆಂಚ್ ಮತದಾರರಿಗೆ ನೇರವಾಗಿ ಫ್ರೆಂಚ್‌ನಲ್ಲೇ ಮತದಾನದ ಕರೆಪತ್ರ ಕಳಿಸಿದರು. ಜನ ಅವರನ್ನು ಗೆಲ್ಲಿಸಿದರೂ ಫ್ಲೆಮಿಶ್ ಸರ್ಕಾರ ಮೇಯರ್‌ಗಳಾಗಿ ನೇಮಿಸಲು ಒಪ್ಪಲಿಲ್ಲ. ಒಂದು ಲಕೋಟೆಯ ಭಾಷೆಗೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು.

ಎರಡು ಬೇಡಿಕೆ, ಎರಡು ನಕ್ಷೆ

ಹಿಂದಕ್ಕೆ ಹೋದರೆ ದೇಶ ಹುಟ್ಟಿದ್ದು ಭಾಷೆಯ ಕಾರಣಕ್ಕಲ್ಲ. 1815ರ ವಿಯೆನ್ನಾ ಒಪ್ಪಂದದಲ್ಲಿ ದೊಡ್ಡ ದೇಶಗಳು ಈ ಕ್ಯಾಥೊಲಿಕ್ ಪ್ರಾಂತ್ಯಗಳನ್ನು ಪ್ರೊಟೆಸ್ಟೆಂಟ್ ಡಚ್ ದೊರೆಯ ಕೈಗೆ ಕೊಟ್ಟಿದ್ದವು. 1830ರ ಆಗಸ್ಟ್ 25ರ ರಾತ್ರಿ ಬ್ರಸೆಲ್ಸ್‌ನ ಲಾ ಮೊನೆ ರಂಗಮಂದಿರದಲ್ಲಿ ಒಪೆರಾ ನೋಡಿ ಹೊರಬಂದ ಜನ ಬೀದಿಯಲ್ಲಿ ದಂಗೆ ಎದ್ದರು. ಅಕ್ಟೋಬರ್ 4ಕ್ಕೆ ಸ್ವಾತಂತ್ರ್ಯ ಘೋಷಣೆ, 1831ರ ಫೆಬ್ರುವರಿ 7ಕ್ಕೆ ಸಂವಿಧಾನ. ದೊರೆಯನ್ನು ಹೊರಗಿನಿಂದ ಹುಡುಕಬೇಕಾಯಿತು. ಮೊದಲು ಫ್ರಾನ್ಸ್ ದೊರೆಯ ಮಗನನ್ನು ಕರೆದರು, ತಂದೆ ಕಳಿಸಲಿಲ್ಲ. ಕೊನೆಗೆ ಜರ್ಮನ್ ರಾಜಮನೆತನದ ಲಿಯೊಪೋಲ್ಡ್ 1831ರ ಜುಲೈ 21ರಂದು ಪ್ರಮಾಣ ಮಾಡಿದರು. ಅದೇ ರಾಷ್ಟ್ರೀಯ ದಿನ. ಆಗ ಮತದ ಹಕ್ಕಿದ್ದದ್ದು ಜನಸಂಖ್ಯೆಯ ಸುಮಾರು ಶೇ 1ರಷ್ಟು ಆಸ್ತಿವಂತರಿಗೆ. ಅವರು ಉತ್ತರದವರಾಗಲಿ ದಕ್ಷಿಣದವರಾಗಲಿ ಮನೆಯಲ್ಲಿ ಮಾತಾಡುತ್ತಿದ್ದದ್ದು ಫ್ರೆಂಚ್. ಬಹುಸಂಖ್ಯಾತರ ಭಾಷೆಯಾದ ಡಚ್‌ಗೆ ಕಾನೂನಿನಲ್ಲಿ ಸಮಾನ ಸ್ಥಾನ ಸಿಕ್ಕಿದ್ದು 1898ರಲ್ಲಿ. ಡಚ್‌ನಲ್ಲೇ ಕಲಿಸುವ ವಿಶ್ವವಿದ್ಯಾಲಯ ಬಂದದ್ದು 1930ರಲ್ಲಿ, ಗೆಂಟ್‌ನಲ್ಲಿ. ನೂರು ವರ್ಷ ಕಾದ ಸಿಟ್ಟು ಅದು.

ಇನ್ನೊಂದು ಕಡೆ ಹಣದ ಕಥೆ. ಹತ್ತೊಂಬತ್ತನೇ ಶತಮಾನದಲ್ಲಿ ಲೀಜ್‌ನಿಂದ ಶಾರ್ಲರ್ವಾವರೆಗಿನ ಕಲ್ಲಿದ್ದಲು, ಉಕ್ಕಿನ ಪಟ್ಟಿ ಯುರೋಪಿನ ಶ್ರೀಮಂತ ಕೈಗಾರಿಕಾ ನೆಲ. ಫ್ಲಾಂಡರ್ಸ್ ಬಡ ಕೃಷಿ ನಾಡು, ಅಲ್ಲಿನವರು ದಕ್ಷಿಣದ ಫ್ರೆಂಚ್ ಭಾಷಾ ನಾಡಾದ ವಲೋನಿಯಾದ ಗಣಿಗೆ ಕೂಲಿಗೆ ಹೋಗುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಗಣಿ ಮುಚ್ಚಿದವು, ಆಂಟ್‌ವೆರ್ಪ್ ಬಂದರಿನ ಸುತ್ತ ರಾಸಾಯನಿಕ ಕೈಗಾರಿಕೆ ಬೆಳೆಯಿತು, ತಕ್ಕಡಿ ತಿರುಗಿತು. 1960-61ರ ಚಳಿಗಾಲದ ಮಹಾಮುಷ್ಕರದ ನಂತರ ವಲೋನಿಯಾದ ಕಾರ್ಮಿಕ ನಾಯಕರು ‘ನಮ್ಮ ಆರ್ಥಿಕತೆ ನಮ್ಮ ಕೈಗೆ ಕೊಡಿ’ ಎಂದರು. ಫ್ಲೆಮಿಶ್ ಜನ ಕೇಳುತ್ತಿದ್ದದ್ದು ‘ನಮ್ಮ ಭಾಷೆ, ಶಾಲೆ, ಸಂಸ್ಕೃತಿ ನಮ್ಮ ಕೈಗೆ’ ಎಂದು.

ಕೇಳಿದ್ದು ಬೇರೆ ಬೇರೆ, ಕೊಟ್ಟದ್ದು ಎರಡನ್ನೂ. ಆದ್ದರಿಂದ ಬೆಲ್ಜಿಯಂನಲ್ಲಿ ಒಂದರ ಮೇಲೊಂದು ಹಾಸಿದ ಎರಡು ನಕ್ಷೆಗಳಿವೆ. ಭಾಷೆ, ಶಿಕ್ಷಣ, ಆರೋಗ್ಯದ ಕೆಲವು ಭಾಗ ನೋಡಿಕೊಳ್ಳುವ ಮೂರು ‘ಸಮುದಾಯ’ಗಳು: ಫ್ಲೆಮಿಶ್, ಫ್ರೆಂಚ್, ಜರ್ಮನ್. ರಸ್ತೆ, ವಸತಿ, ಉದ್ಯೋಗ, ಪರಿಸರ ನೋಡಿಕೊಳ್ಳುವ ಮೂರು ‘ಪ್ರದೇಶ’ಗಳು: ಫ್ಲಾಂಡರ್ಸ್, ವಲೋನಿಯಾ, ಬ್ರಸೆಲ್ಸ್. ಬ್ರಸೆಲ್ಸ್‌ನಲ್ಲಿ ಒಂದು ಬೀದಿಯ ಡಚ್ ಶಾಲೆ ಒಂದು ಸರ್ಕಾರದ್ದು, ಎದುರಿನ ಫ್ರೆಂಚ್ ಶಾಲೆ ಇನ್ನೊಂದರದ್ದು, ನಡುವಿನ ರಸ್ತೆ ಮೂರನೆಯದರದ್ದು. ಫ್ಲೆಮಿಶ್ ಕಡೆಯವರು ಸಮುದಾಯ, ಪ್ರದೇಶ ಎರಡನ್ನೂ ಒಂದೇ ಸಂಸತ್ತು, ಒಂದೇ ಸರ್ಕಾರಕ್ಕೆ ಸೇರಿಸಿಕೊಂಡು ಬ್ರಸೆಲ್ಸನ್ನೇ ತಮ್ಮ ರಾಜಧಾನಿ ಮಾಡಿಕೊಂಡರು, ಬ್ರಸೆಲ್ಸ್ ಫ್ಲಾಂಡರ್ಸ್ ಪ್ರದೇಶದೊಳಗೆ ಇಲ್ಲದಿದ್ದರೂ. ಫ್ರೆಂಚ್ ಕಡೆ ಇವು ಬೇರೆ ಬೇರೆಯೇ ಉಳಿದವು. ಜರ್ಮನ್ ಸಮುದಾಯ ಎಂದರೆ ಮೊದಲ ಮಹಾಯುದ್ಧದ ನಂತರ ಜರ್ಮನಿಯಿಂದ ಬಂದ ಪೂರ್ವದಂಚಿನ ಒಂಬತ್ತು ಊರುಗಳು. ಎಂಬತ್ತು ಸಾವಿರದಷ್ಟು ಜನಕ್ಕೆ ಯೂಪೆನ್‌ನಲ್ಲಿ 25 ಸೀಟಿನ ಸ್ವಂತ ಸಂಸತ್ತಿದೆ.

1970, 1980, 1988-89, 1993, 2001, 2011-14 ಹೀಗೆ ಆರು ಕಂತಿನಲ್ಲಿ ಈ ರಚನೆ ಬಂತು. 1993ರವರೆಗೆ ಸಂವಿಧಾನದ ಮೊದಲ ವಿಧಿ ದೇಶವನ್ನು ಪ್ರಾಂತ್ಯಗಳಾಗಿ ವಿಂಗಡಿಸುವ ಮಾತಾಡುತ್ತಿತ್ತು. ಈಗ ‘ಬೆಲ್ಜಿಯಂ ಸಮುದಾಯಗಳು ಮತ್ತು ಪ್ರದೇಶಗಳಿಂದ ಕೂಡಿದ ಒಕ್ಕೂಟ ರಾಜ್ಯ’ ಎನ್ನುತ್ತದೆ.

ಈ ಒಕ್ಕೂಟದಲ್ಲಿ ಭಾರತಕ್ಕಿಂತ ಬೇರೆಯಾದ ಒಂದು ಅಂಶವಿದೆ. ನಮ್ಮಲ್ಲಿ ಸಮವರ್ತಿ ಪಟ್ಟಿಯ ವಿಷಯದಲ್ಲಿ ಕೇಂದ್ರ-ರಾಜ್ಯ ಕಾನೂನು ಡಿಕ್ಕಿಯಾದರೆ 254ನೇ ವಿಧಿಯಂತೆ ಸಾಮಾನ್ಯವಾಗಿ ಕೇಂದ್ರದ್ದೇ ಮೇಲು. ಅಲ್ಲಿ ಹಾಗಿಲ್ಲ. ಫ್ಲೆಮಿಶ್ ಅಥವಾ ವಲೂನ್ ಸಂಸತ್ತಿನ ಕಾನೂನಿಗೂ ದೇಶದ ಸಂಸತ್ತಿನ ಕಾನೂನಿಗೂ ಒಂದೇ ದರ್ಜೆ. ವಿಷಯ ಯಾರದ್ದು ಎಂಬುದಷ್ಟೇ ಪ್ರಶ್ನೆ, ಅದನ್ನು ಆರು ಡಚ್, ಆರು ಫ್ರೆಂಚ್ ನ್ಯಾಯಾಧೀಶರ ಸಂವಿಧಾನ ನ್ಯಾಯಾಲಯ ತೀರ್ಮಾನಿಸುತ್ತದೆ. ವಿದೇಶ ಒಪ್ಪಂದಕ್ಕೂ ಇದೇ ನ್ಯಾಯ: ಒಳಗೆ ಯಾರ ವಿಷಯವೋ ಹೊರಗೂ ಅವರದೇ ಸಹಿ. 2016ರ ಅಕ್ಟೋಬರ್‌ನಲ್ಲಿ ಕೆನಡಾ ಜೊತೆಗಿನ ಐರೋಪ್ಯ ಒಕ್ಕೂಟದ ವ್ಯಾಪಾರ ಒಪ್ಪಂದವನ್ನು ವಲೋನಿಯಾದ ಆಗಿನ ಮುಖ್ಯಮಂತ್ರಿ ಪೌಲ್ ಮಾನ್ಯೆಟ್ ಕೆಲವು ದಿನ ತಡೆದು ನಿಲ್ಲಿಸಿದ್ದು ಇದೇ ಅಧಿಕಾರದಿಂದ. ಕೋವಿಡ್ ಬಂದಾಗ ಇದೇ ವ್ಯವಸ್ಥೆ ನಗೆಪಾಟಲಾಯಿತು, ಆರೋಗ್ಯದ ಯಾವುದಾದರೊಂದು ಭಾಗ ಹೊತ್ತ ಮಂತ್ರಿಗಳು ದೇಶದಲ್ಲಿ ಒಂಬತ್ತು ಮಂದಿ ಇದ್ದರು.

ಸೇತುವೆ ಬಿದ್ದದ್ದು 1968ರಲ್ಲಿ

ಎರಡು ಭಾಷೆ ಇರುವುದೇ ಸರ್ಕಾರ ರಚನೆ ತಡವಾಗಲು ಕಾರಣ ಎನ್ನುವುದು ಸುಲಭದ ವಿವರಣೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಸ್ವಿಟ್ಜರ್‌ಲೆಂಡ್‌ನಲ್ಲಿ ನಾಲ್ಕು ಭಾಷೆಗಳಿವೆ, ಈ ರೋಗ ಇಲ್ಲ. ಅಲ್ಲಿ ಪಕ್ಷಗಳು ಭಾಷಾ ಗಡಿ ದಾಟಿ ನಿಂತಿವೆ. ಬೆಲ್ಜಿಯಂನಲ್ಲಿ ಆ ಸೇತುವೆಯನ್ನೇ ಕಿತ್ತುಹಾಕಿದರು.

ಅದು ಶುರುವಾದದ್ದು ಲೂವನ್ ವಿಶ್ವವಿದ್ಯಾಲಯದಲ್ಲಿ. ಫ್ಲಾಂಡರ್ಸ್ ನೆಲದಲ್ಲಿದ್ದ ಆ ಹಳೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ವಿಭಾಗವೂ ಇತ್ತು. ‘ವಲೂನರು ಹೊರಗೆ’ ಎಂದು ಫ್ಲೆಮಿಶ್ ವಿದ್ಯಾರ್ಥಿಗಳು ಬೀದಿಗಿಳಿದರು. 1968ರ ಫೆಬ್ರುವರಿಯಲ್ಲಿ ಸರ್ಕಾರವೇ ಬಿತ್ತು. ಫ್ರೆಂಚ್ ವಿಭಾಗಕ್ಕೆ ಗಡಿಯಾಚೆ ಹೊಲಗಳ ನಡುವೆ ಹೊಸ ಊರನ್ನೇ ಕಟ್ಟಿದರು. ಗ್ರಂಥಾಲಯದ ಪುಸ್ತಕಗಳನ್ನು ಹಂಚಿದ ಬಗೆ ಇಂದಿಗೂ ಜನ ಹೇಳಿಕೊಂಡು ನಗುತ್ತಾರೆ: ಬೆಸ ಸಂಖ್ಯೆಯವು ಒಬ್ಬರಿಗೆ, ಸಮ ಸಂಖ್ಯೆಯವು ಇನ್ನೊಬ್ಬರಿಗೆ. ಅದೇ ವರ್ಷ ಕ್ರೈಸ್ತ ಡೆಮಾಕ್ರಟಿಕ್ ಪಕ್ಷ ಭಾಷೆಯ ಮೇಲೆ ಎರಡಾಯಿತು. 1972ಕ್ಕೆ ಉದಾರವಾದಿಗಳು, 1978ಕ್ಕೆ ಸಮಾಜವಾದಿಗಳು ಅದೇ ದಾರಿ ಹಿಡಿದರು.

ಇದರಿಂದ ಆದದ್ದೇನೆಂದರೆ, ಆಂಟ್‌ವೆರ್ಪ್‌ನ ಮತದಾರ ಲೀಜ್‌ನ ನಾಯಕನಿಗೆ ಮತ ಹಾಕಲಾರ, ಅವನನ್ನು ಸೋಲಿಸಲೂ ಆರ. ಸಂಸತ್ತಿನ 150 ಸೀಟಿಗೆ ಹತ್ತು ಪ್ರಾಂತ್ಯ ಮತ್ತು ಬ್ರಸೆಲ್ಸ್ ಸೇರಿ 11 ಕ್ಷೇತ್ರ, ಪ್ರತಿ ಕ್ಷೇತ್ರದಲ್ಲೂ ಪ್ರಮಾಣಾನುಗುಣ ಪ್ರಾತಿನಿಧ್ಯ, ಶೇ 5ರ ಹೊಸ್ತಿಲು. ದೇಶದುದ್ದಕ್ಕೂ ಒಂದೇ ಪಕ್ಷವಾಗಿ ನಿಲ್ಲುವುದು ದೊಡ್ಡವರಲ್ಲಿ ಎಡಪಂಥೀಯ ಪಿವಿಡಿಎ-ಪಿಟಿಬಿ ಒಂದೇ. ಉಳಿದವರೆಲ್ಲ ಒಂದು ಭಾಷೆಯವರನ್ನಷ್ಟೇ ಮೆಚ್ಚಿಸಿದರೆ ಸಾಕು. ಚುನಾವಣೆಯಲ್ಲಿ ಆಚೆಯವರನ್ನು ಬೈದು ಓಟು ಪಡೆದವರು ಮರುದಿನ ಅದೇ ಆಚೆಯವರ ಜೊತೆ ಸರ್ಕಾರ ಮಾಡಬೇಕು. ಯಾಕೆಂದರೆ ಸಂವಿಧಾನದ 99ನೇ ವಿಧಿಯಂತೆ ಮಂತ್ರಿಮಂಡಲದಲ್ಲಿ ಹೆಚ್ಚೆಂದರೆ 15 ಮಂದಿ, ಪ್ರಧಾನಿಯನ್ನು ಬಿಟ್ಟರೆ ಡಚ್ ಮತ್ತು ಫ್ರೆಂಚ್ ಮಂತ್ರಿಗಳು ಸಮಸಮ. ಮುಖ್ಯ ಭಾಷಾ ಕಾನೂನುಗಳಿಗೆ ಒಟ್ಟು ಮೂರನೇ ಎರಡು ಮತದ ಜೊತೆ ಪ್ರತಿ ಗುಂಪಿನಲ್ಲೂ ಬಹುಮತ ಬೇಕು. ಯಾವುದಾದರೂ ಮಸೂದೆ ತಮಗೆ ಗಂಭೀರ ಹಾನಿ ಎಂದು ಒಂದು ಗುಂಪಿನ ನಾಲ್ಕನೇ ಮೂರರಷ್ಟು ಸದಸ್ಯರು ಸಹಿ ಹಾಕಿದರೆ ‘ಎಚ್ಚರಿಕೆ ಗಂಟೆ’ ಬಾರಿಸಿ ಅದನ್ನು ನಿಲ್ಲಿಸಬಹುದು, ಮಂತ್ರಿಮಂಡಲ ಮೂವತ್ತು ದಿನದೊಳಗೆ ಉತ್ತರ ಹುಡುಕಬೇಕು. ಸಂವಿಧಾನ ಒಟ್ಟಿಗೆ ಬಾಳಲೇಬೇಕು ಎನ್ನುತ್ತದೆ, ಪಕ್ಷ ವ್ಯವಸ್ಥೆ ಬೇರೆಯಾಗಿದ್ದರೆ ಲಾಭ ಎನ್ನುತ್ತದೆ.

ದೊರೆಗೆ ಇರುವ ಕೆಲಸ

ಇಂಥ ಕಡೆ ದೊರೆ ಬರಿಯ ಬೊಂಬೆಯಲ್ಲ. ಅವರು ‘ಬೆಲ್ಜಿಯಂನ ದೊರೆ’ ಅಲ್ಲ, ‘ಬೆಲ್ಜಿಯನ್ನರ ದೊರೆ’. ತಂದೆ ತೀರಿಕೊಂಡ ಕೂಡಲೇ ಮಗ ದೊರೆಯಾಗುವುದಿಲ್ಲ, ಸಂಸತ್ತಿನ ಎದುರು ಸಂವಿಧಾನದ ಪ್ರಮಾಣ ಮಾಡಿದ ಮೇಲೇ ಆಗುವುದು. 1993ರ ಜುಲೈ 31ರಂದು ದೊರೆ ಬೌದ್ವಾಂ ತೀರಿಕೊಂಡರು, ಅವರ ತಮ್ಮ ಎರಡನೇ ಆಲ್ಬರ್ಟ್ ಪ್ರಮಾಣ ಮಾಡಿದ್ದು ಆಗಸ್ಟ್ 9ಕ್ಕೆ. ಆ ನಡುವಿನ ದಿನಗಳಲ್ಲಿ ದೇಶಕ್ಕೆ ದೊರೆ ಇರಲಿಲ್ಲ, ದೊರೆಯ ಅಧಿಕಾರ ಮಂತ್ರಿಮಂಡಲದ ಕೈಯಲ್ಲಿತ್ತು. ದೊರೆಯ ಯಾವ ಆದೇಶಕ್ಕೂ ಮಂತ್ರಿಯ ಜೊತೆಸಹಿ ಇಲ್ಲದೆ ಬೆಲೆಯಿಲ್ಲ.

ಆ ಸಹಿಯ ಬಿಕ್ಕಟ್ಟು 1990ರಲ್ಲಿ ಬಂತು. ಗರ್ಭಪಾತ ಕಾನೂನಿಗೆ ಅಂಕಿತ ಹಾಕಲು ತಮ್ಮ ಧರ್ಮಸಾಕ್ಷಿ ಒಪ್ಪದು ಎಂದು ಬೌದ್ವಾಂ ಪ್ರಧಾನಿಗೆ ಪತ್ರ ಬರೆದರು. ಸಂಸತ್ತು ಒಪ್ಪಿದ ಕಾನೂನು ನಿಲ್ಲುವಂತಿಲ್ಲ, ದೊರೆಯನ್ನು ಇಳಿಸುವಂತಿಲ್ಲ. ದೊರೆ ಕಾಯಿಲೆ ಬಿದ್ದರೆ ಎಂದು ಇಟ್ಟಿದ್ದ ವಿಧಿಯೊಂದನ್ನು ಮಂತ್ರಿಗಳು ಹೊರತೆಗೆದರು. ಏಪ್ರಿಲ್ 4ರಂದು ದೊರೆ ‘ಆಳಲು ಅಸಮರ್ಥ’ ಎಂದು ಘೋಷಣೆಯಾಯಿತು, ಮಂತ್ರಿಗಳೇ ಕಾನೂನಿಗೆ ಸಹಿ ಹಾಕಿದರು, ಏಪ್ರಿಲ್ 5ರಂದು ಸಂಸತ್ತು ಸೇರಿ ಅವರನ್ನು ಮತ್ತೆ ಸಮರ್ಥರೆಂದು ಘೋಷಿಸಿತು. ಸಮಸ್ಯೆಯನ್ನು ಬಗೆಹರಿಸುವುದಕ್ಕಿಂತ ಅದರ ಪಕ್ಕದಿಂದ ನುಸುಳಿ ಹೋಗುವುದರಲ್ಲಿ ಈ ದೇಶದವರು ನಿಪುಣರು.

ನುಸುಳಲಾಗದೆ ಸಿಕ್ಕಿಬಿದ್ದದ್ದು ಒಮ್ಮೆ, 1950ರಲ್ಲಿ. ಯುದ್ಧಕಾಲದಲ್ಲಿ ಜರ್ಮನರಿಗೆ ಶರಣಾಗಿ ದೇಶದಲ್ಲೇ ಉಳಿದಿದ್ದ ಮೂರನೇ ಲಿಯೊಪೋಲ್ಡ್ ಮರಳಬೇಕೇ ಎಂದು ಜನಾಭಿಪ್ರಾಯ ಕೇಳಿದರು. ಒಟ್ಟಾರೆ ಶೇ 57.68 ಹೌದು ಎಂದರು. ಆದರೆ ಫ್ಲಾಂಡರ್ಸ್‌ನಲ್ಲಿ ಅದು ಶೇ 72, ವಲೋನಿಯಾದಲ್ಲಿ ಶೇ 42. ಗೆದ್ದ ದೊರೆ ಮರಳಿದಾಗ ವಲೋನಿಯಾ ಹೊತ್ತಿ ಉರಿಯಿತು, ಲೀಜ್ ಬಳಿ ಪೊಲೀಸರ ಗುಂಡಿಗೆ ನಾಲ್ವರು ಸತ್ತರು, ಮರುವರ್ಷ ಲಿಯೊಪೋಲ್ಡ್ ಮಗನಿಗೆ ಪಟ್ಟ ಬಿಟ್ಟರು. ದೇಶದ ಬಹುಮತ ಒಂದೇ ಭಾಷೆಯವರ ಬಹುಮತವಾಗಿಬಿಟ್ಟರೆ ಅದನ್ನು ಜಾರಿ ಮಾಡಲಾಗದು ಎಂದು ಅಂದು ಕಲಿತದ್ದನ್ನೇ ಮುಂದೆ ಸಂವಿಧಾನದಲ್ಲಿ ಬರೆದರು. ಬ್ರಸೆಲ್ಸ್‌ನ ಒಂಬತ್ತರ ಲೆಕ್ಕದ ಬೇರು ಇಲ್ಲಿದೆ.

ಇಂದು ದೊರೆ ಫಿಲಿಪ್ ಅವರ ನಿಜವಾದ ಕೆಲಸ ಚುನಾವಣೆಯ ಮರುದಿನ ಶುರುವಾಗುತ್ತದೆ. ಪಕ್ಷಗಳ ಅಧ್ಯಕ್ಷರನ್ನು ಒಬ್ಬೊಬ್ಬರಾಗಿ ಅರಮನೆಗೆ ಕರೆಯುತ್ತಾರೆ, ಅಲ್ಲಿ ಆಡಿದ ಮಾತು ಹೊರಗೆ ಹೇಳುವಂತಿಲ್ಲ. ಆಮೇಲೆ ಒಬ್ಬ ‘ಮಾಹಿತಿದಾರ’ನನ್ನು ನೇಮಿಸುತ್ತಾರೆ, ಯಾರು ಯಾರ ಜೊತೆ ಕೂರಬಲ್ಲರು ಎಂದು ತಡಕಿ ನೋಡುವುದು ಆತನ ಕೆಲಸ. ದಾರಿ ಕಂಡರೆ ‘ರಚನಕಾರ’ನ ನೇಮಕ, ಸಾಮಾನ್ಯವಾಗಿ ಆತನೇ ಮುಂದಿನ ಪ್ರಧಾನಿ. ತೆರಿಗೆ, ಪಿಂಚಣಿ, ವಲಸೆ ಎಲ್ಲವನ್ನೂ ಮೊದಲೇ ಬರೆದಿಟ್ಟ ನೂರಾರು ಪುಟದ ಒಪ್ಪಂದವಾಗಿ, ಪ್ರತಿ ಪಕ್ಷದ ಸಮಾವೇಶವೂ ಒಪ್ಪಿದ ಮೇಲೇ ಪ್ರಮಾಣವಚನ. ಇಷ್ಟು ಉದ್ದ ಬರೆಯಲು ಕಾರಣ ಅಪನಂಬಿಕೆ. ಬರೆಯದೆ ಬಿಟ್ಟದ್ದು ಮುಂದೆ ಸರ್ಕಾರ ಬೀಳಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ದಾರಿ ಕಾಣದಿದ್ದರೆ ಹುದ್ದೆಗಳಿಗೆ ಹೊಸ ಹೆಸರು ಹುಟ್ಟುತ್ತವೆ. 2010-11ರಲ್ಲಿ ಮಾಹಿತಿದಾರ, ಪೂರ್ವ-ರಚನಕಾರ, ಮಧ್ಯಸ್ಥರು, ಸ್ಪಷ್ಟೀಕರಣಕಾರ, ಸಂಧಾನಕಾರ, ಮತ್ತೆ ಮಾಹಿತಿದಾರ ಎಲ್ಲ ಬಂದುಹೋದರು. ಬ್ರಸೆಲ್ಸ್ ನಗರ ಮತ್ತು ಸುತ್ತಲಿನ ಫ್ಲೆಮಿಶ್ ಊರುಗಳು ಸೇರಿದ್ದ ಒಂದು ಮತಕ್ಷೇತ್ರವನ್ನು ಒಡೆಯುವುದೇ ಮುಖ್ಯ ತಕರಾರು. ಜನ ಇದನ್ನು ಕೋಪದಿಂದ ನೋಡಿದರೋ ತಮಾಷೆಯಿಂದಲೋ ಹೇಳುವುದು ಕಷ್ಟ. 2011ರ ಫೆಬ್ರುವರಿ 17ರಂದು ಇರಾಕಿನ ದಾಖಲೆ ಸರಿಗಟ್ಟಿದ ದಿನ ಬೀದಿಗಳಲ್ಲಿ ಪುಕ್ಕಟೆ ಆಲೂಗಡ್ಡೆ ಫ್ರೈಸ್ ಹಂಚಿ ‘ಫ್ರೈಸ್ ಕ್ರಾಂತಿ’ ಆಚರಿಸಿದರು. ಹಂಗಾಮಿ ಸರ್ಕಾರವೇ ಐರೋಪ್ಯ ಒಕ್ಕೂಟದ ಮಂತ್ರಿಗಳ ಮಂಡಳಿಯ ಸರದಿ ಅಧ್ಯಕ್ಷತೆ ನಡೆಸಿತು, ಲಿಬಿಯಾಕ್ಕೆ ಯುದ್ಧವಿಮಾನ ಕಳಿಸಿತು. ಕೊನೆಗೆ ಗಂಟು ಬಿಡಿಸಿದ್ದು ದೊರೆಯೂ ಅಲ್ಲ, ಜನರೂ ಅಲ್ಲ. 2011ರ ನವೆಂಬರ್ 25ರಂದು ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ದೇಶದ ಸಾಲದ ರೇಟಿಂಗ್ ಇಳಿಸಿತು, ಹತ್ತು ವರ್ಷದ ಸಾಲಪತ್ರದ ಬಡ್ಡಿ ಶೇ 5 ದಾಟಿತ್ತು. ತಿಂಗಳುಗಟ್ಟಲೆ ಆಗದ ಬಜೆಟ್ ಒಪ್ಪಂದ ಮರುದಿನವೇ ಆಯಿತು. ಡಿಸೆಂಬರ್ 6ಕ್ಕೆ ಎಲಿಯೋ ಡಿ ರೂಪೊ ಪ್ರಧಾನಿಯಾದರು.

2019ರ ಮೇ ಚುನಾವಣೆಯ ನಂತರ 494 ದಿನ ಬೇಕಾಯಿತು, ಏಳು ಪಕ್ಷ ಸೇರಿದರು. 2024ರ ಸರದಿಯಲ್ಲಿ ಎನ್-ವಿಎಯ ಬಾರ್ಟ್ ಡೆ ವೆವರ್ ಆಗಸ್ಟ್‌ನಲ್ಲಿ ಕೈಚೆಲ್ಲಿ, ಸೆಪ್ಟೆಂಬರ್‌ನಲ್ಲಿ ಮತ್ತೆ ಹಿಡಿದು, 2025ರ ಜನವರಿ 31ರಂದು ಒಪ್ಪಂದ ಮುಗಿಸಿದರು. ಎನ್-ವಿಎ 24, ಎಂಆರ್ 20, ಲೆ ಆಂಗಾಜೆ 14, ವೊರಾಯ್ಟ್ 13, ಸಿಡಿ&ವಿ 11, ಚುನಾವಣೆಯ ದಿನದ ಲೆಕ್ಕದಲ್ಲಿ 82. ಪಕ್ಷಗಳ ಬಣ್ಣ ಅಮೆರಿಕದ ಅರಿಜೋನಾ ರಾಜ್ಯದ ಬಾವುಟವನ್ನು ಹೋಲುವುದರಿಂದ ಇದಕ್ಕೆ ‘ಅರಿಜೋನಾ ಕೂಟ’ ಎಂದು ಹೆಸರು. ಡೆ ವೆವರ್ ಅವರ ಪಕ್ಷದ ನಿಯಮಾವಳಿಯ ಗುರಿ ಸ್ವತಂತ್ರ ಫ್ಲಾಂಡರ್ಸ್ ಗಣರಾಜ್ಯ. ಅವರೇ ಫೆಬ್ರುವರಿ 3ರಂದು ದೊರೆಯ ಎದುರು ನಿಂತು ಪ್ರಮಾಣ ಮಾಡಿದರು. ಈಗ ಅವರ ತಲೆನೋವು ಗಣರಾಜ್ಯವಲ್ಲ, ದೇಶದ ಒಟ್ಟು ಉತ್ಪನ್ನವನ್ನೂ ಮೀರಿದ ಸಾಲ ಮತ್ತು ಪಿಂಚಣಿ ಕಡಿತದ ವಿರುದ್ಧದ ಮುಷ್ಕರಗಳು. ಬೇರೆಯಾಗುವ ಮಾತಿಗೆ ದೊಡ್ಡ ಅಡ್ಡಿಯೂ ಬ್ರಸೆಲ್ಸೇ. ಸುತ್ತ ಫ್ಲಾಂಡರ್ಸ್, ಒಳಗೆ ಬಹುಪಾಲು ಫ್ರೆಂಚ್ ಮಾತಾಡುವ ಈ ನಗರವನ್ನು ಬಿಟ್ಟುಕೊಡಲು ಇಬ್ಬರೂ ತಯಾರಿಲ್ಲ.

ಬ್ರಸೆಲ್ಸ್‌ಗೆ ದೇಶದ ಮಟ್ಟದಲ್ಲಿರುವ ಹೊರದಾರಿ ಕೂಡ ಇಲ್ಲ. ದೇಶದ ಸರ್ಕಾರ ರಚನೆ ಪೂರ್ತಿ ಕೆಟ್ಟರೆ ಸಂಸತ್ತನ್ನು ವಿಸರ್ಜಿಸಿ ಮತ್ತೆ ಜನರ ಮುಂದೆ ಹೋಗಬಹುದು. ಪ್ರಾದೇಶಿಕ ಶಾಸನಸಭೆಗಳಿಗೆ ಐದು ವರ್ಷದ ಅವಧಿ ಕಟ್ಟುನಿಟ್ಟು, ನಡುವೆ ವಿಸರ್ಜನೆ ಇಲ್ಲ. ಅಲ್ಲಿ ದೊರೆಗೂ ಪಾತ್ರವಿಲ್ಲ, ಮಾಹಿತಿದಾರನನ್ನು ನೇಮಿಸುವವರಿಲ್ಲ. ರಾಷ್ಟ್ರಪತಿ ಆಳ್ವಿಕೆಯಂಥದ್ದೂ ಇಲ್ಲ. ಜೂನ್ 9ರ ಆ ಹದಿನೇಳು ಸೀಟುಗಳನ್ನು ಮತ್ತೆ ಕಲಸಿ ಹಂಚಲು ಬ್ರಸೆಲ್ಸ್ ಮತದಾರರಿಗೆ ಮುಂದಿನ ಅವಕಾಶ ಐರೋಪ್ಯ ಚುನಾವಣೆಯ ಜೊತೆಗೆ, 2029ರಲ್ಲಿ.